ತಲೆಗೆ ಕೈ ಹಾಕುವ ಮುಂಚೆ

ಅಮೆರಿಕಕ್ಕೆ ಓದಲು ಹೊರಟಿದ್ದೀಯ, ಸಂತೋಷ ಪುಟ್ಟಿ. ಬುದ್ಧಿಗೇನೂ ಕಮ್ಮಿಯಿಲ್ಲ ನಿನಗೆ; ಕೈ ಮಾತ್ರ ಬಾಯಿಗಿಂತ ಮುಂದು. ಕ್ಲಾಸಿನಲ್ಲಿ ಪಕ್ಕ ಕೂತ ಕಪ್ಪು ಹುಡುಗಿಯ ಎಳೆಎಳೆ ಜಡೆ ಕಂಡು, "ಅಯ್ಯೋ, ಎಷ್ಟು ಚೆಂದ" ಅಂತ ಕೈ ಹಾಕೀಯ, ಜೋಕೆ! ಚೆಂದ ಅನ್ನು, ಸಾಕು. "ನಿನ್ನದೇ ಕೂದಲಾ?" ಅಂತಲೂ ಕೇಳಬೇಡ. ಅಲ್ಲಿ ಕೆಲವರು ಜೋಡಿಸಿಕೊಳ್ಳುವ ಕೂದಲು ತಿರುಪತಿಯಲ್ಲಿ ನಮ್ಮವರೇ ಕೊಟ್ಟ ಮುಡಿ ಇದ್ದರೂ ಇದ್ದೀತು. ಹರಾಜಾಗಿ ಹಡಗು ಹತ್ತುತ್ತದೆ ಅದು.

ಕಪ್ಪು ಹೆಂಗಸರ ತಲೆಯ ಮೇಲೆ ಸರ್ಕಾರಗಳೇ ಕೈಯಿಟ್ಟಿವೆ ಕಣೆ. 1786ರಲ್ಲಿ ಅಮೆರಿಕದ ಲೂಸಿಯಾನಾ ಸ್ಪೇನಿನವರ ವಶದಲ್ಲಿತ್ತು. ಜೀತದಲ್ಲಿಲ್ಲದ ಕಪ್ಪು ಹೆಂಗಸರೂ ಕೂದಲ ಮೇಲೆ ಬಟ್ಟೆ ಕಟ್ಟಲೇಬೇಕು ಅಂತ ಗವರ್ನರ್ ಮಿರೊ ಹುಕುಂ ಹೊರಡಿಸಿದ. ಕಟ್ಟಿದರು. ಒಳ್ಳೊಳ್ಳೆ ಬಣ್ಣದ ಬಟ್ಟೆ ಆರಿಸಿ, ಎತ್ತರಕ್ಕೆ ಸುತ್ತಿ, ಗತ್ತಿನಿಂದ ಬೀದಿಗಿಳಿದರು. ಮುಖಭಂಗ ಆದದ್ದು ಗವರ್ನರನಿಗೆ.

ನನಗೆ ತೀರಾ ಹಿಡಿಸಿದವಳು ಮೇಡಂ ಸಿ. ಜೆ. ವಾಕರ್. 1867ರಲ್ಲಿ ಹುಟ್ಟಿದವಳು, ಅಪ್ಪ ಅಮ್ಮ ಜೀತದಿಂದ ಬಿಡುಗಡೆಯಾದವರು. ಏಳಕ್ಕೆ ತಬ್ಬಲಿ, ಇಪ್ಪತ್ತಕ್ಕೆ ಗಂಡನೂ ಇಲ್ಲ. ಸೇಂಟ್ ಲೂಯಿಸ್‌ನಲ್ಲಿ ಊರವರ ಬಟ್ಟೆ ಒಗೆದು ಮಗಳನ್ನು ಸಾಕಿದಳು. ಕೂದಲು ಉದುರತೊಡಗಿತು. ಅದಕ್ಕೆ ಮದ್ದು ಹುಡುಕುತ್ತ ಹೋದವಳು, ಮೊದಲು ಆನಿ ಮಲೋನ್ ಎಂಬಾಕೆಯ ಸರಕು ಮಾರಿ, ಆಮೇಲೆ ತನ್ನದೇ ಕಂಪನಿ ಕಟ್ಟಿದಳು. ಅದು ಬಿಡು, ದುಡ್ಡು ಮಾಡಿದವರು ಬೇಕಾದಷ್ಟಿದ್ದಾರೆ. 1917ರಲ್ಲಿ ತನ್ನ ಸರಕು ಮಾರುವ ಹೆಂಗಸರನ್ನೆಲ್ಲ ಫಿಲಡೆಲ್ಫಿಯಾದಲ್ಲಿ ಕೂಡಿಸಿದಳು. ಹೆಚ್ಚು ಮಾರಿದವರಿಗಷ್ಟೇ ಅಲ್ಲ, ಹೆಚ್ಚು ದಾನ ಮಾಡಿದವರಿಗೂ ಬಹುಮಾನ ಕೊಟ್ಟಳು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯಲು ಕಾನೂನು ತನ್ನಿ ಅಂತ ಅದೇ ಸಭೆಯಿಂದ ಅಧ್ಯಕ್ಷ ವಿಲ್ಸನ್‌ಗೆ ತಂತಿ ಹೋಯಿತು. ತಲೆಗೆ ಹಚ್ಚುವ ಮುಲಾಮು ಮಾರುವವರ ಸಭೆ ಅದು! ನಿನ್ನ ಎಂಬಿಎ ಮೇಷ್ಟರು ಇದನ್ನು ಹೇಳಿಕೊಟ್ಟಾರೋ ಇಲ್ಲವೋ.

ಹಳೇ ಕಥೆ ಅಂತ ಮೂಗು ಮುರೀಬೇಡ. ಜಡೆಯ ನೆಪ ಒಡ್ಡಿ ಕೆಲಸದಲ್ಲಿ, ಶಾಲೆಯಲ್ಲಿ ಯಾರನ್ನೂ ಹೊರಗಿಡಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನು ತಂದದ್ದು 2019ರಲ್ಲಿ, ಮೊನ್ನೆ ಮೊನ್ನೆ. ಮಸೂದೆ ಮಂಡಿಸಿದವಳು ಹಾಲಿ ಮಿಚೆಲ್, ಸ್ವತಃ ಕಪ್ಪು ಹೆಣ್ಣುಮಗಳು. ಆಯಾನಾ ಪ್ರೆಸ್ಲಿ ಅಂತ ಇನ್ನೊಬ್ಬಳು, ಸಂಸತ್ ಸದಸ್ಯೆ. ಜಡೆಗೇ ಹೆಸರಾದವಳು. ಕಾಯಿಲೆಯಿಂದ ಕೂದಲೆಲ್ಲ ಹೋಯಿತು. 2020ರಲ್ಲಿ ವಿಗ್ ತೆಗೆದು ಬೋಳುತಲೆಯಲ್ಲೇ ಕ್ಯಾಮೆರಾ ಮುಂದೆ ಕೂತಳು. ನೀನೋ, ಮೊಡವೆ ಎದ್ದರೆ ಕಾಲೇಜಿಗೆ ಚಕ್ಕರ್!

ಹಾಂ, ಇನ್ನೊಂದು. ಶನಿವಾರ ಸಿನಿಮಾಕ್ಕೆ ಕರೆದಾಗ ಗೆಳತಿ "ಜಡೆ ಹಾಕಿಸ್ಕೋಬೇಕು, ಬರೋಕಾಗಲ್ಲ" ಅಂದರೆ ಸಿಟ್ಟಾಗಬೇಡ. ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು ಅದಕ್ಕೆ. ಅವಳು ಬಾ ಅಂದರೆ ಜೊತೆಗೆ ಹೋಗು, ತಿನ್ನೋಕೇನಾದರೂ ಕಟ್ಟಿಕೊಂಡು.