ಗಣಕಯಂತ್ರದ ಜೋಡಣೆಯಲ್ಲಿ ಬಿಡಿಭಾಗಗಳ ಹೊಂದಾಣಿಕೆ

ಚನ್ನಪಟ್ಟಣದ ಆಟಿಕೆ ಬಂಡಿಯ ಗಾಲಿ ಎಷ್ಟೇ ನುಣುಪಾಗಿದ್ದರೂ ಅದರ ರಂಧ್ರವು ಇರುಸಿಗೆ ಒಪ್ಪದಿದ್ದರೆ ಬಂಡಿ ಉರುಳದು. ವಿಡಿಯೋ ಆಟಗಳಿಗೆಂದು ಗಣಕಯಂತ್ರವನ್ನು ತಾವೇ ಜೋಡಿಸಬಯಸುವ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ. ರಾಮನಗರ, ಕನಕಪುರ, ಮಾಗಡಿಗಳಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ತರುವವರಿಗೆ, ಹೊಂದದ ಒಂದು ವಸ್ತುವೆಂದರೆ ಹಣದ ನಷ್ಟ, ಜೊತೆಗೆ ಮತ್ತೊಂದು ದಿನದ ಪ್ರಯಾಣ.

ಮೊದಲು ಪ್ರೊಸೆಸರನ್ನು ಆರಿಸಿ, ಅದು ಕೂರುವ ಸಾಕೆಟ್ ಉಳ್ಳ ಮದರ್‌ಬೋರ್ಡನ್ನು ಗೊತ್ತುಮಾಡಬೇಕು. ಎಎಂಡಿ ಸಂಸ್ಥೆಯ ಎಎಂ-೪ ಪ್ರೊಸೆಸರುಗಳ ತಳದಲ್ಲಿ ಪಿನ್ನುಗಳಿರುತ್ತವೆ. ೨೦೨೨ರಲ್ಲಿ ಬಂದ ಎಎಂ-೫ರಲ್ಲಿ ಅವು ಬೋರ್ಡಿನ ಮೇಲಿವೆ. ಒಂದರದು ಮತ್ತೊಂದಕ್ಕೆ ಸಲ್ಲದು.

ಎರಡನೆಯದು ಮೆಮೊರಿ. ಡಿಡಿಆರ್-೪, ಡಿಡಿಆರ್-೫ ಎರಡರಲ್ಲಿಯೂ ಸಂಪರ್ಕಬಿಂದುಗಳು ೨೮೮; ಆದರೆ ಅಂಚಿನ ಕಚ್ಚಿನ ಸ್ಥಾನ ಬೇರೆ. ಬಲವಂತದಿಂದ ತುರುಕಿದರೆ ಹಾನಿಯೇ ಫಲ. ಎಎಂ-೫ ಡಿಡಿಆರ್-೫ನ್ನು ಮಾತ್ರ ಸ್ವೀಕರಿಸುತ್ತದೆ.

ಮೂರನೆಯದು ಅಳತೆ: ಗ್ರಾಫಿಕ್ಸ್ ಕಾರ್ಡಿನ ಉದ್ದ ಕ್ಯಾಬಿನೆಟ್ಟಿನೊಳಗೆ ಹಿಡಿಸಬೇಕು.

ನಾಲ್ಕನೆಯದು ವಿದ್ಯುತ್ತು. ರೈಜನ್ ೫ ೭೬೦೦ ಪ್ರೊಸೆಸರಿಗೆ ೬೫ ವ್ಯಾಟ್, ಆರ್‌ಟಿಎಕ್ಸ್ ೪೦೬೦ ಕಾರ್ಡಿಗೆ ೧೧೫ ವ್ಯಾಟ್ ಎಂದು ತಯಾರಕರ ನಮೂದು. ಮೊತ್ತ ೧೮೦ ಆದರೂ ಎನ್ವಿಡಿಯಾ ಸಂಸ್ಥೆ ೫೫೦ ವ್ಯಾಟಿನ ಪವರ್ ಸಪ್ಲೈಯನ್ನು ಸೂಚಿಸಿದೆ. ಇತರ ಭಾಗಗಳಿಗೂ ಕ್ಷಣಿಕ ಏರಿಕೆಗೂ ಅವಕಾಶವಿರಬೇಕಷ್ಟೆ.

ಈ ನಾಲ್ಕನ್ನೂ ಹಾಳೆಯಲ್ಲಿ ಬರೆದು ತಾಳೆ ನೋಡಿದ ಮೇಲೆಯೇ ಹಣ ತೆರತಕ್ಕದ್ದು. ಶಾಲೆಯ ಪ್ರಯೋಗಾಲಯಕ್ಕೆ ಬಿಡಿಭಾಗ ನೀಡುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಅಲ್ಲಿನ ಬೋರ್ಡಿನ ಹೆಸರನ್ನು ಮೊದಲು ಕೇಳಿ ತಿಳಿದರೆ, ಅವರ ಕೊಡುಗೆ ಕಪಾಟಿನಲ್ಲಿ ಉಳಿಯದೆ ಮಕ್ಕಳ ಕಲಿಕೆಗೆ ಒದಗುವುದು.