ವೆಬ್ ವಿನ್ಯಾಸ ಪ್ರಾಜೆಕ್ಟಿಗೆ ಯಾವ ಸಿಎಸ್‌ಎಸ್ ಫ್ರೇಮ್‌ವರ್ಕ್?

ತರಗತಿ: 9
ಅವಧಿ: 40 ನಿಮಿಷದ ಮೂರು ತರಗತಿಗಳು
ಘಟಕ: ಉಬ್ರಾಣಿಯ ಅಡಿಕೆ ಕುರಿತು ಒಂದು ವೆಬ್ ಪುಟ
ಪೂರ್ವಜ್ಞಾನ: ಎಚ್‌ಟಿಎಂಎಲ್‌ನಲ್ಲಿ ಶೀರ್ಷಿಕೆ, ಪ್ಯಾರಾ, ಚಿತ್ರ, ಸಿಎಸ್‌ಎಸ್‌ನಲ್ಲಿ ಬಣ್ಣ, ಅಕ್ಷರದ ಗಾತ್ರ
ಉದ್ದೇಶ: ತನ್ನ ಪುಟಕ್ಕೆ ತಕ್ಕ ಫ್ರೇಮ್‌ವರ್ಕನ್ನು ವಿದ್ಯಾರ್ಥಿ ಕಾರಣ ಕೊಟ್ಟು ಆರಿಸಬೇಕು

ಫ್ರೇಮ್‌ವರ್ಕ್ ಎಂದರೆ ಬೇರೆಯವರು ಮೊದಲೇ ಬರೆದಿಟ್ಟ ಸಿಎಸ್‌ಎಸ್ ನಿಯಮಗಳ ಕಟ್ಟು. ಟ್ವಿಟರ್ ಸಂಸ್ಥೆಯಲ್ಲಿ ಹುಟ್ಟಿದ ಬೂಟ್‌ಸ್ಟ್ರಾಪ್ 2011ರಲ್ಲಿ, ಬುಲ್ಮಾ 2016ರಲ್ಲಿ, ಟೇಲ್‌ವಿಂಡ್ 2017ರಲ್ಲಿ ಹೊರಬಂದವು. ಮೂರೂ ಉಚಿತ. ಹಾಗಾದರೆ ಮಕ್ಕಳ ಕೈಗೆ ಯಾವುದನ್ನು ಕೊಡಬೇಕು? ‘ಯಾವುದು ಹೆಚ್ಚು ಚಂದ’ ಎಂದು ಕೇಳುವ ಬದಲು ಮೂರು ಪ್ರಶ್ನೆ ಕೇಳೋಣ.

1. ನೆಟ್ ಇಲ್ಲದೆ ನಡೆಯುತ್ತದೆಯೇ?

ಹಳ್ಳಿ ಶಾಲೆಯ ಲ್ಯಾಬಿನಲ್ಲಿ ಇಂಟರ್ನೆಟ್ ಸದಾ ಇರುತ್ತದೆಂದು ನಂಬಿ ಪಾಠ ಯೋಜಿಸಲಾಗದು. ಬೂಟ್‌ಸ್ಟ್ರಾಪ್ ಮತ್ತು ಬುಲ್ಮಾದ ಸಿದ್ಧ ಸಿಎಸ್‌ಎಸ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತಂದು ಪುಟದ ಪಕ್ಕದಲ್ಲೇ ಇಟ್ಟರೆ ಸಾಕು. ಟೇಲ್‌ವಿಂಡ್‌ನಲ್ಲಿ, ಪುಟದಲ್ಲಿ ಬಳಸಿದ ಕ್ಲಾಸ್‌ಗಳನ್ನು ಹೆಕ್ಕಿ ಕಡತ ತಯಾರಿಸುವ ಒಂದು ಹಂತ ಹೆಚ್ಚಿಗೆ ಇದೆ. ವೃತ್ತಿಪರರಿಗೆ ಅದು ಅನುಕೂಲ. ಮೊದಲ ಪ್ರಾಜೆಕ್ಟಿಗೆ ಹೊರೆ.

2. ಕನ್ನಡ ಅಕ್ಷರಕ್ಕೆ ಜಾಗವಿದೆಯೇ?

ಇಂಗ್ಲಿಷ್ ಮಾದರಿಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಬೂಟ್‌ಸ್ಟ್ರಾಪ್ ಶೀರ್ಷಿಕೆಗಳ ಸಾಲಿನ ಎತ್ತರ ಅಕ್ಷರ ಗಾತ್ರದ 1.2 ಪಟ್ಟು, ಬುಲ್ಮಾದಲ್ಲಿ 1.125, ಟೇಲ್‌ವಿಂಡ್‌ನ ಅತಿ ದೊಡ್ಡ ಗಾತ್ರಗಳಲ್ಲಿ 1 ಮಾತ್ರ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತ ಮೇಲೇರುತ್ತದೆ. ‘ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿ ಅಡಿಕೆ ಸಂಸ್ಕರಣೆ’ ಎಂಬ ಶೀರ್ಷಿಕೆ ಮೊಬೈಲಿನಲ್ಲಿ ಎರಡು ಮೂರು ಸಾಲಾದಾಗ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತಾಗುತ್ತದೆ.

ಪರಿಹಾರ ಸುಲಭ: ಫ್ರೇಮ್‌ವರ್ಕಿನ ಕೊಂಡಿಯ ನಂತರ ನಮ್ಮದೇ ಸಿಎಸ್‌ಎಸ್ ಕಡತ ಜೋಡಿಸಿ, ಶೀರ್ಷಿಕೆಯ ಸಾಲಿನ ಎತ್ತರವನ್ನು 1.6 ಮಾಡುವುದು. ಸಮಬಲದ ನಿಯಮಗಳಲ್ಲಿ ಕೊನೆಯದೇ ಗೆಲ್ಲುತ್ತದೆ ಎಂಬ ತತ್ವವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಬುಲ್ಮಾದಲ್ಲಿ ಆ ಅಳತೆ ಒಂದು ಕ್ಲಾಸ್‌ಗೆ ಅಂಟಿಕೊಂಡಿದೆ. ಟ್ಯಾಗ್‌ಗಿಂತ ಕ್ಲಾಸ್‌ ಬಲ ಹೆಚ್ಚು, ಆದ್ದರಿಂದ ಆ ಕ್ಲಾಸ್ ಹೆಸರಿಗೇ ನಿಯಮ ಬರೆಯಬೇಕು. ಪಠ್ಯವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ಫಾಂಟ್ ವಿಧಾನದಲ್ಲಿ ಟೈಪಿಸಿದ್ದು, ಆ ಫಾಂಟ್ ಇಲ್ಲದ ಪೋಷಕರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

3. ಮಕ್ಕಳು ಅದರ ಒಳಗನ್ನು ವಿವರಿಸಬಲ್ಲರೇ?

ಅಡಿಕೆಗೆ ನಾಲ್ಕು ಹಂತ: ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಹಂತಕ್ಕೊಂದರಂತೆ ನಾಲ್ಕು ಚೌಕ. ಬೂಟ್‌ಸ್ಟ್ರಾಪ್ ಪುಟದ ಅಗಲವನ್ನು 12 ಕಂಬಸಾಲುಗಳಾಗಿ ಹಂಚುತ್ತದೆ; 12 ÷ 4 = 3, ಆದ್ದರಿಂದ ಒಂದೊಂದು ಚೌಕಕ್ಕೆ 3. ಪರದೆ 768 ಪಿಕ್ಸೆಲ್‌ಗಿಂತ ಕಿರಿದಾದರೆ ಪ್ರತಿ ಚೌಕಕ್ಕೂ ಪೂರ್ತಿ 12 ಕೊಟ್ಟು ಒಂದರ ಕೆಳಗೊಂದು ನಿಲ್ಲಿಸಬಹುದು. ಭಾಗಾಕಾರ ಬಲ್ಲ ಮಗುವಿಗೆ ಇದು ಅರ್ಥವಾಗುತ್ತದೆ.

ಪಾಠದ ಕ್ರಮ

ಮೊದಲ ತರಗತಿಯಲ್ಲಿ ಫ್ರೇಮ್‌ವರ್ಕ್ ಬೇಡ. 2017ರಿಂದ ಪ್ರಮುಖ ಬ್ರೌಸರ್‌ಗಳಲ್ಲಿರುವ ಸಿಎಸ್‌ಎಸ್ ಗ್ರಿಡ್‌ನಿಂದ ನಾಲ್ಕು ಚೌಕಗಳನ್ನು ಮಕ್ಕಳೇ ಜೋಡಿಸಲಿ. ಎರಡನೆಯದರಲ್ಲಿ ಅದೇ ಪುಟವನ್ನು ಬೂಟ್‌ಸ್ಟ್ರಾಪ್‌ನಿಂದ ಮಾಡಲಿ. ಮೂರನೆಯದರಲ್ಲಿ ಎರಡನ್ನೂ ಹೋಲಿಸಿ, ಶೀರ್ಷಿಕೆಯನ್ನು ಕನ್ನಡಕ್ಕೆ ಹೊಂದಿಸಲಿ. ಕೈಯಾರೆ ಬರೆದವರಿಗೆ ಮಾತ್ರ ಫ್ರೇಮ್‌ವರ್ಕ್ ಯಾವ ಶ್ರಮ ಉಳಿಸಿತೆಂದು ತಿಳಿಯುತ್ತದೆ. ಒಂದೇ ಪುಟದ ಕೆಲಸಕ್ಕೆ ಫ್ರೇಮ್‌ವರ್ಕೇ ಬೇಡವೆಂದು ವಿದ್ಯಾರ್ಥಿ ಕಾರಣ ಸಹಿತ ಹೇಳಿದರೆ ಅದೂ ಸರಿಯುತ್ತರವೇ.

ಮೌಲ್ಯಮಾಪನ

ಪುಟದ ಅಂದಕ್ಕೆ ಮಾತ್ರ ಅಂಕ ಕೊಟ್ಟರೆ ಆ ಅಂಕ ಫ್ರೇಮ್‌ವರ್ಕ್ ಬರೆದವರಿಗೆ ಸಲ್ಲುತ್ತದೆ. ಆದ್ದರಿಂದ ಮೌಖಿಕವಾಗಿ ಹೀಗೆ ಕೇಳಬಹುದು:

• ಈ ಒಂದು ಕ್ಲಾಸ್ ತೆಗೆದರೆ ಪುಟದಲ್ಲಿ ಏನು ಬದಲಾಗುತ್ತದೆ? ಮೊದಲು ಊಹಿಸಿ, ಆಮೇಲೆ ತೆಗೆದು ನೋಡು.
• ಹಂತ ನಾಲ್ಕಲ್ಲ, ಮೂರೇ ಆದರೆ ಪ್ರತಿ ಚೌಕಕ್ಕೆ ಎಷ್ಟು ಕಂಬಸಾಲು?
• ನಿನ್ನ ಸಿಎಸ್‌ಎಸ್ ಕಡತವನ್ನು ಫ್ರೇಮ್‌ವರ್ಕಿಗಿಂತ ಮೊದಲು ಜೋಡಿಸಿದರೆ ಶೀರ್ಷಿಕೆ ಹೇಗೆ ಕಾಣುತ್ತದೆ?

ಊಹೆ ತಪ್ಪಿದರೂ, ತೆಗೆದು ನೋಡಿದ ಮೇಲೆ ಕಾರಣ ಹೇಳಬಲ್ಲ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು.