ಎಂಟರಿಂದ ಭಾಗಿಸುವ ಮೊದಲು

ಹಳೆಯ ಕಂಪ್ಯೂಟರಿಗೆ ಜೀವ ಕೊಡಲು ಹೊರಟಿದ್ದೀಯ ಎಂದು ಕೇಳಿ ತುಂಬಾ ಖುಷಿಯಾಯಿತು ಮಗೂ. ಎಸ್‌.ಪಿ. ರೋಡಿನ ಅಂಗಡಿಗಳನ್ನು ಸುತ್ತಿ ಸೀರಿಯಲ್ ಕೇಬಲ್ಲನ್ನೂ ತಂದಿಟ್ಟುಕೊಂಡಿದ್ದೀಯಂತೆ. ನಿಮ್ಮ ತಾತ ಟೈಪ್ ಮಾಡಿಟ್ಟದ್ದೆಲ್ಲ ಆ 40 ಎಂಬಿ ಹಾರ್ಡ್ ಡಿಸ್ಕಿನಲ್ಲೇ ಇದೆ, ಅದನ್ನು ಹೊಸ ಯಂತ್ರಕ್ಕೆ ಇಳಿಸಿಕೊಳ್ಳಲೇಬೇಕು. ಆದರೆ ಕೇಬಲ್ ಸಿಕ್ಕಿಸುವ ಮೊದಲು ವೇಗದ ಲೆಕ್ಕವನ್ನು ಸರಿಯಾಗಿ ತಿಳಿದುಕೋ. ಈ ಲೆಕ್ಕ ತಪ್ಪಿದವರು ಚೆನ್ನಾಗಿ ಓಡುತ್ತಿರುವ ಯಂತ್ರವನ್ನೇ ಕೆಟ್ಟಿದೆ ಅಂದುಕೊಂಡು ನಡುವೆ ಕೈ ಹಾಕುತ್ತಾರೆ.

ಎಂಟು ಬಿಟ್ ಸೇರಿದರೆ ಒಂದು ಬೈಟ್ ಅನ್ನುವುದು ನಿನಗೆ ಗೊತ್ತು. ಸ್ಮಾಲ್ ಬಿ ಇದ್ದರೆ ಬಿಟ್, ಕ್ಯಾಪಿಟಲ್ ಬಿ ಇದ್ದರೆ ಬೈಟ್ ಅನ್ನುವುದೂ ಗೊತ್ತು. ಅಷ್ಟು ಸಾಲದು. ಆ ಸಂಖ್ಯೆ ಬರೆದವರು ಏನನ್ನು ಎಣಿಸಿದ್ದಾರೆ ಎಂದು ಮೊದಲು ಕೇಳಿಕೋ. ತಂತಿಯಲ್ಲಿ ಓಡುವುದನ್ನೋ, ನಿನ್ನ ಕೈಗೆ ಸಿಗುವುದನ್ನೋ? ಭಾಗಾಕಾರ ಆಮೇಲಿನ ಮಾತು.

ನಿನ್ನ ಸೀರಿಯಲ್ ಪೋರ್ಟನ್ನೇ ತೆಗೆದುಕೋ. ವೇಗ 9,600 ಎಂದು ಹೊಂದಿಸಿದ್ದೀಯ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 1,200 ಬೈಟ್ ಬರಬೇಕು. ಬರುವುದು 960 ಮಾತ್ರ. ಆ ಕೇಬಲ್ಲಿನಲ್ಲಿ ಎರಡೂ ಕಡೆಯ ಗಡಿಯಾರವನ್ನು ಹೊಂದಿಸಲು ಬೇರೆ ತಂತಿ ಇಲ್ಲ. ಹಾಗಾಗಿ ಪ್ರತಿ ಬೈಟಿನ ಮುಂದೆ ‘ಈಗ ಶುರು’ ಅನ್ನಲು ಒಂದು ಸ್ಟಾರ್ಟ್ ಬಿಟ್, ಕೊನೆಗೆ ಒಂದು ಸ್ಟಾಪ್ ಬಿಟ್ ಹೋಗುತ್ತವೆ. ಎಂಟಕ್ಕೆ ಎರಡು ಸೇರಿ ಹತ್ತಾಯಿತು. ಪ್ಯಾರಿಟಿಯನ್ನೂ ಇಟ್ಟುಕೊಂಡರೆ ಹನ್ನೊಂದು. ಈ ವೇಗದಲ್ಲಿ 40 ಎಂಬಿ ಇಳಿಯಲು ಹನ್ನೊಂದೂವರೆ ಗಂಟೆ ಬೇಕು. ಎಂಟರ ಲೆಕ್ಕ ಹಾಕಿದವನು ಒಂಬತ್ತೂಕಾಲು ಗಂಟೆ ಕಾದು, ಎಲ್ಲೋ ಸಿಕ್ಕಿಕೊಂಡಿದೆ ಎಂದು ಸ್ವಿಚ್ ಆರಿಸಿಬಿಡುತ್ತಾನೆ. ಅಷ್ಟು ವಯಸ್ಸಾದ ಡಿಸ್ಕು ಇವತ್ತು ತಿರುಗಿತು ಅಂತ ನಾಳೆಯೂ ತಿರುಗುತ್ತದೆ ಎಂದು ನಂಬಬೇಡ. ನನ್ನ ಆತಂಕವೆಲ್ಲ ಇದೇ.

ಮೋಡೆಮ್ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಬಾಡ್ ಅಂದರೆ ತಂತಿಯ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವ ಲೆಕ್ಕ; ಬಿಟ್‌ಗಳ ಲೆಕ್ಕವಲ್ಲ. 300ರ ಹಳೆಯ ಮೋಡೆಮ್‌ನಲ್ಲಿ ಎರಡೂ ಒಂದೇ ಆಗಿದ್ದವು. ವಿ.22 ಬಿಸ್ ಮಾದರಿಯ 2,400ರ ಮೋಡೆಮ್ ಓಡುವುದು 600 ಬಾಡ್‌ನಲ್ಲಿ. ಒಂದೊಂದು ಬದಲಾವಣೆಯೂ ನಾಲ್ಕು ಬಿಟ್ ಹೊರುತ್ತದೆ. ‘2,400 ಬಾಡ್ ಮೋಡೆಮ್’ ಎಂದು ಯಾರಾದರೂ ಅಂದರೆ ಅದನ್ನು ಬಿಟ್ ಎಂದೇ ಓದಿಕೋ. ಇನ್ನು 1998ರ ವಿ.90 ಮಾದರಿಯ 56ಕೆ ಇದೆಯಲ್ಲ, ಆ 56 ನಿನ್ನ ಕಡೆ ಬರುವುದಕ್ಕೆ ಮಾತ್ರ, ಅದೂ ಲೈನ್ ಚೆನ್ನಾಗಿದ್ದರೆ. ನೀನು ಕಳಿಸುವುದು ಹೆಚ್ಚೆಂದರೆ 33.6.

ಕೆ ಅಕ್ಷರದ ಬಗ್ಗೆಯೂ ಎಚ್ಚರವಿರಲಿ. ತಂತಿಯ ಲೆಕ್ಕದಲ್ಲಿ ಕೆ ಅಂದರೆ ಸಾವಿರ. ಮೆಮೊರಿಯ ಲೆಕ್ಕದಲ್ಲಿ 1,024. ಇವೆರಡನ್ನೂ ಕಲಸಿಬಿಟ್ಟದ್ದು 1.44 ಎಂಬಿ ಫ್ಲಾಪಿ. ಅದರೊಳಗೆ ಹಿಡಿಸುವುದು 1,440 ಸಲ 1,024, ಅಂದರೆ 14,74,560 ಬೈಟ್. ಆ 1.44 ಎರಡೂ ಲೆಕ್ಕಕ್ಕೆ ಸೇರಿದ್ದಲ್ಲ. ಅದರ ವೇಗವನ್ನು ಸೆಕೆಂಡಿಗೆ 500 ಕಿಲೋಬಿಟ್ ಎಂದು ಬರೆದಿರುತ್ತಾರೆ. ಎಂಟರಿಂದ ಭಾಗಿಸಿದರೆ 62,500 ಬೈಟ್. ಆದರೆ ಒಂದು ಸುತ್ತಿಗೆ 512 ಬೈಟಿನ 18 ಸೆಕ್ಟರ್, ಸೆಕೆಂಡಿಗೆ ಐದು ಸುತ್ತು. ಗುಣಿಸಿ ನೋಡು, 46,080. ಉಳಿದ ಬಿಟ್‌ಗಳೆಲ್ಲ ಸೆಕ್ಟರಿನ ವಿಳಾಸಕ್ಕೂ ನಡುವಿನ ಖಾಲಿ ಜಾಗಕ್ಕೂ ಹೋದವು. ಆ ಖಾಲಿ ಜಾಗ ದಂಡವಲ್ಲ. ಬೇರೆ ಬೇರೆ ಡ್ರೈವ್‌ಗಳ ಮೋಟಾರು ಒಂದಿಷ್ಟು ಹೆಚ್ಚುಕಮ್ಮಿ ತಿರುಗಿದರೂ ಒಂದು ಸೆಕ್ಟರ್ ಇನ್ನೊಂದರ ಮೇಲೆ ಬೀಳದಂತೆ ಕಾಯುವುದೇ ಅದು. ಎಷ್ಟು ವಿವೇಕದಿಂದ ಕಟ್ಟಿದ್ದಾರೆ ನೋಡು.

ಸಿಡಿ ಡ್ರೈವಿನ ಎಕ್ಸ್ ಸುಲಭ. ಒಂದು ಎಕ್ಸ್ ಅಂದರೆ ಸೆಕೆಂಡಿಗೆ 75 ಸೆಕ್ಟರ್, ಒಂದೊಂದರಲ್ಲಿ 2,048 ಬೈಟ್, ಒಟ್ಟು 1,53,600. 52 ಎಕ್ಸ್ ಎಂದು ಬರೆದಿದ್ದರೆ ಆ ವೇಗ ಸಿಗುವುದು ತಟ್ಟೆಯ ಹೊರಅಂಚಿನಲ್ಲಿ ಮಾತ್ರ. ಓದು ಶುರುವಾಗುವುದು ಒಳಗಿನಿಂದ. ಅಲ್ಲಿ ಅರ್ಧದಷ್ಟೂ ಇರುವುದಿಲ್ಲ. ಐಡಿಇ ಕೇಬಲ್ಲಿನ 33, 66, 100, 133 ಆಗಲೇ ಮೆಗಾಬೈಟ್‌ನಲ್ಲಿವೆ, ಅವನ್ನು ಭಾಗಿಸಲೇ ಬೇಡ. ಆಮೇಲೆ ಬಂದ ಸಾಟಾದ 1.5 ಗಿಗಾಬಿಟ್ಟನ್ನು ಮತ್ತೆ ಹತ್ತರಿಂದಲೇ ಭಾಗಿಸಬೇಕು, 150 ಮೆಗಾಬೈಟ್. ಅಲ್ಲೂ ಎಂಟು ಬಿಟ್‌ಗಳು ಹತ್ತಾಗಿ ಪ್ರಯಾಣ ಮಾಡುತ್ತವೆ.

ಈಗ ನಿನ್ನ ಕೆಲಸಕ್ಕೆ ಬರೋಣ. ಮೊದಲು 9,600ರಲ್ಲೇ 96,000 ಬೈಟಿನ ಒಂದು ಫೈಲ್ ಕಳಿಸಿ ಗಡಿಯಾರ ನೋಡು. 100 ಸೆಕೆಂಡಿನ ಆಸುಪಾಸಿಗೆ ಮುಗಿದರೆ ಎಲ್ಲ ಸರಿಯಾಗಿದೆ; ಸ್ವಲ್ಪ ಹೆಚ್ಚಾದರೆ ಅದು ತಪ್ಪು ಹುಡುಕುವ ಪ್ರೋಟೊಕಾಲಿನ ಪಾಲು. ಆಮೇಲೆ ಹಳೆಯ ಯಂತ್ರದ ಸೀರಿಯಲ್ ಚಿಪ್ಪಿನ ಮೇಲೆ ಏನು ಬರೆದಿದೆ ಓದು. 16550ಎ ಆದರೆ ಅದರೊಳಗೆ 16 ಬೈಟಿನ ಬಫರ್ ಇರುತ್ತದೆ, 1,15,200ಕ್ಕೆ ಏರಿಸಿ ನೋಡಬಹುದು. ಸುಮಾರು ಒಂದು ಗಂಟೆಯ ಕೆಲಸ. 8250 ಅಥವಾ 16450 ಆದರೆ ಬಫರ್ ಇಲ್ಲ, ವೇಗ ಹೆಚ್ಚಿದಂತೆ ಬೈಟ್‌ಗಳು ಕಳೆದುಹೋಗಬಹುದು. 38,400ರಲ್ಲಿ ಪ್ರಯತ್ನಿಸು, ಮೂರು ಗಂಟೆ ಹಿಡಿಯುತ್ತದೆ. ತಪ್ಪು ಬರತೊಡಗಿದರೆ 19,200ಕ್ಕೆ ಇಳಿಸಿ ಆರು ಗಂಟೆ ಕೊಡು. ಯಾವುದಾದರೂ ಸರಿ, ಎರಡೂ ಯಂತ್ರಗಳನ್ನು ಯುಪಿಎಸ್‌ಗೆ ಹಾಕಿಯೇ ಶುರು ಮಾಡು. ತಾತನ ಬರಹ ಇರುವ ಫೋಲ್ಡರನ್ನೇ ಮೊದಲು ಇಳಿಸಿಕೋ. ಪ್ರೋಗ್ರಾಮುಗಳು ಆಮೇಲೆ ಬರಲಿ.